ಖಲಫ ಕುಡಿಯದೆ ಕೆಳಗಿಟ್ಟ ಕಾಫಿ

ನಮ್ಮ ಜಮೀದ್ ಕಾರ್ಖಾನೆಗೆ ಬದಲಾವಣೆ ತರುವ ಭಾರ ಖಲಫನ ಹೆಗಲಿಗೆ ಬಿದ್ದದ್ದು ಅವನ ಯೋಗ್ಯತೆಯಿಂದಲ್ಲ, ಮಾಲೀಕರ ಅಳಿಯನಿಗೆ ಹಲ್ಲುನೋವು ಬಂದದ್ದರಿಂದ. ರಾಜಧಾನಿ ಅಮ್ಮಾನಿನ ದೊಡ್ಡ ಹೋಟೆಲಿನಲ್ಲಿ ಅದರ ತರಬೇತಿ ಗೊತ್ತಾಗಿತ್ತು. ಹೋಗಬೇಕಾಗಿದ್ದ ಅಳಿಯನ ದವಡೆ ಅಂದು ಬೆಳಿಗ್ಗೆ ಊದಿಕೊಂಡಿತು. ಆ ಹೊತ್ತಿಗೆ ಕಾರ್ಖಾನೆಗೆ ಬಂದಿದ್ದ ಮಾಲೀಕ ಹಾಜಿ ರಾತಿಬ್ ಅವರ ಕಣ್ಣಿಗೆ ಬಿದ್ದವನು, ಎರಡು ದಿನ ರಜೆ ಕೇಳೋಣವೆಂದು ಬಾಗಿಲಲ್ಲಿ ನಿಂತಿದ್ದ ಖಲಫ. ಹೋಗುವಾಗ ಅವನು ಗುಮಾಸ್ತನಾಗಿದ್ದ, ಬರುವಾಗ ‘ಪರಿವರ್ತನಾ ಮುಖ್ಯಸ್ಥ’ನಾಗಿದ್ದ. ಅವನ ಹಳೆಯ ಕುರ್ಚಿಯಲ್ಲಿ ಆಗಲೇ ಅಳಿಯ ಕೂತಿದ್ದ, ಹಲ್ಲು ಕೀಳಿಸಿಕೊಂಡು.

ನಾನು ಆ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವನು. ಮೊಸರು ಕುದಿಸಿ, ಹಿಂಡಿ, ಉಪ್ಪು ಹಾಕಿ, ಉಂಡೆ ಕಟ್ಟಿ ಒಣಗಿಸಿದರೆ ಜಮೀದ್, ಅಷ್ಟೇ ನಮ್ಮ ಕೆಲಸ. ಕರಕ್ ಗುಡ್ಡದ ಮೇಲೆ ಇದನ್ನು ನಮ್ಮಜ್ಜಿಯರು ಯಾವ ತರಬೇತಿಯೂ ಇಲ್ಲದೆ ಮಾಡುತ್ತಿದ್ದರು. ಆದರೆ ಹಾಜಿಗಳು ತುರ್ಕಿಯಿಂದ ಉಂಡೆ ಕಟ್ಟುವ ಯಂತ್ರ ತರಿಸಿದ್ದರು. ಅದು ಬಂದು ಆರು ತಿಂಗಳಾದರೂ ನೀಲಿ ತಾಡಪಾಲಿನ ಕೆಳಗೇ ಮಲಗಿತ್ತು. ಬೆಕ್ಕೊಂದು ಅದರೊಳಗೆ ಮರಿ ಹಾಕಿ, ಮರಿಗಳು ದೊಡ್ಡವಾಗಿ ಹೋಗಿದ್ದವು. ಆ ಯಂತ್ರದಿಂದ ಕಾರ್ಖಾನೆಗೆ ಅಲ್ಲಿಯವರೆಗೆ ಆದ ಉತ್ಪಾದನೆ ಅಷ್ಟೇ.

ಅಡ್ಡಿಯಾಗಿದ್ದವರು ಕುದಿಸುವ ಮನೆಯ ಮೇಸ್ತ್ರಿ ಅಬು ತಲಾಲ್. ಅಲ್ಲಿ ಕೆಲಸ ಮಾಡುವವರೆಲ್ಲ ಅವರ ಅಣ್ಣತಮ್ಮಂದಿರ ಮಕ್ಕಳು, ಸೋದರಳಿಯಂದಿರು, ಬೀಗರು. ಅವರು ಒಂದು ದಿನವೂ ಯಂತ್ರ ಬೇಡವೆನ್ನಲಿಲ್ಲ. ತುರ್ಕಿಯ ಎಂಜಿನಿಯರ್ ಬಂದ ದಿನ ಕುದಿಸುವ ಮನೆಯ ಬೀಗದ ಕೈ ಕಳೆದುಹೋಯಿತು. ಎರಡನೆಯ ಸಲ ಬಂದಾಗ ದೂರದ ನಂಟರೊಬ್ಬರು ತೀರಿಕೊಂಡು ಇಡೀ ಪಾಳಿ ಮಣ್ಣಿಗೆ ಹೋಗಿತ್ತು. ಮೂರನೆಯ ಸಲ ಎಂಜಿನಿಯರ್ ಇನ್ನೂ ವಿಮಾನ ನಿಲ್ದಾಣದಲ್ಲಿರುವಾಗಲೇ ಇನ್ನೊಬ್ಬ ನಂಟರ ಸ್ಥಿತಿ ಬಿಗಡಾಯಿಸಿತು. ಅವರ ಕುಲದಲ್ಲಿ ಯಂತ್ರದ ದೆಸೆಯಿಂದ ಇನ್ನೆಷ್ಟು ಜನ ಸಾಯುವರೋ ಎಂದು ನಮಗೇ ದಿಗಿಲಾಯಿತು.

ಹಾಜಿಗಳು ಖಲಫನಿಗೆ ಹೇಳಿದ್ದು ಸ್ಪಷ್ಟವಾಗಿತ್ತು. ತಿಂಗಳು ಮುಗಿಯುವುದರೊಳಗೆ ಯಂತ್ರ ಓಡಬೇಕು. ಓಡದಿದ್ದರೆ ಹೊಸ ಹುದ್ದೆ ಇಲ್ಲ. ಹಳೆಯದರಲ್ಲಿ ಅಳಿಯ ಇದ್ದಾನೆ. ಖಲಫನಿಗೆ ಮೂವರು ಮಕ್ಕಳು, ಮುಗಿಯದ ಮಹಡಿ ಮನೆ, ಮತ್ತು ಫಿದ್ದಾ ಎಂಬ ಹೆಂಡತಿ. ಈ ಮೂರರಲ್ಲಿ ಅವನು ಹೆದರುತ್ತಿದ್ದುದು ಕೊನೆಯದಕ್ಕೆ.

ತರಬೇತಿ ಕೊಟ್ಟವರು ಬೈರೂತಿನ ಮದಾಮ್ ಜುಮಾನಾ ಎಂಬವರು. ಅವರ ಒಂದೊಂದು ಮಾತನ್ನೂ ಖಲಫ ನುಂಗಿಕೊಂಡು ಬಂದಿದ್ದ. ಬದಲಾವಣೆ ತರುವವನು ಒಬ್ಬನೇ ಹೋಗಬಾರದು, ತೂಕವುಳ್ಳವರ ಗುಂಪು ಕಟ್ಟಿಕೊಳ್ಳಬೇಕು. ಒಪ್ಪದವರನ್ನು ಅವರ ಜಾಗದಲ್ಲೇ ಕಾಣಬೇಕು. ಮೊದಲು ಬಾಯಿ ಮುಚ್ಚಿ ಕೇಳಬೇಕು. ಕೂತಾಗ ಕೈಯಲ್ಲಿ ಏನೂ ಇರಬಾರದು, ಅಂಗೈ ಬಿಚ್ಚಿರಬೇಕು, ಆಗ ಎದುರಿನವರಿಗೆ ನಂಬಿಕೆ ಹುಟ್ಟುತ್ತದೆ. ಬೈರೂತಿನಲ್ಲಿ ಹುಟ್ಟುತ್ತಿತ್ತೇನೋ.

ಒಂದು ಸೋಮವಾರ ಸಂಜೆ ಅಸರ್ ನಮಾಜು ಮುಗಿಸಿ ಹೊರಟೆವು. ಖಲಫ, ನಾನು, ಲೆಕ್ಕದ ಅಬು ನಿಸೀಮ್, ಇನ್ನು ನಾಲ್ವರು ನರೆತ ಗಡ್ಡದವರು. ಚೆನ್ನಾಗಿ ಬಟ್ಟೆ ಹಾಕಿಕೊಳ್ಳಿ ಎಂದು ಖಲಫ ಹೇಳಿದ್ದರಿಂದ ಮದುವೆಗೆ ತೊಡುವ ಜರಿ ಅಂಚಿನ ನಿಲುವಂಗಿಗಳು ಪೆಟ್ಟಿಗೆಯಿಂದ ಹೊರಬಂದಿದ್ದವು. ಸಾಲಾಗಿ, ಮೌನವಾಗಿ, ಅಬು ತಲಾಲರ ಮನೆಯತ್ತ ನಡೆದೆವು. ಅಕ್ಕಪಕ್ಕದ ಹೆಂಗಸರು ಮಾಳಿಗೆಗೆ ಬಂದು ನಿಂತರು. ಹಟ್ಟಿಯ ಹುಡುಗರು ಆಟ ನಿಲ್ಲಿಸಿದರು. ನಾವು ಹೇಗೆ ಕಾಣುತ್ತಿದ್ದೇವೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಬಾಗಿಲು ತೆಗೆದ ಅಬು ತಲಾಲರ ಮುಖ ಬಿಳುಚಿತು. ಒಳಗೆ ಓಡಿ ತಾವೂ ನಿಲುವಂಗಿ ತೊಟ್ಟು ಬಂದರು. ಟೀವಿ ಆರಿತು. ಸೋದರಳಿಯ ಹಿತ್ತಾಳೆಯ ಕೆಟಲಿನಿಂದ ಕಹಿ ಕಾಫಿ ಬಗ್ಗಿಸಿ ಮೊದಲ ಬಟ್ಟಲನ್ನು ಖಲಫನ ಕೈಗಿಟ್ಟ. ಖಲಫನಿಗೆ ಮದಾಮ್ ನೆನಪಾದರು. ಬಟ್ಟಲನ್ನು ಹಾಗೇ ಮುಂದಿನ ಮೇಜಿನ ಮೇಲಿಟ್ಟು, ಎರಡೂ ಅಂಗೈ ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡ.

ಉಳಿದವರಿಗೂ ಬಗ್ಗಿಸಿ ಕೊಟ್ಟ ಸೋದರಳಿಯ ಆ ಬಟ್ಟಲನ್ನು ಕಂಡು ಕೆಟಲು ಹಿಡಿದು ಹಿಂದೆ ಸರಿದ.

ನಮ್ಮಲ್ಲಿ ದೊಡ್ಡವರನ್ನು ಕಟ್ಟಿಕೊಂಡು ಬಂದವನು ಕಾಫಿ ಕೆಳಗಿಟ್ಟನೆಂದರೆ, ಕೇಳಲು ಬಂದದ್ದು ಕೈಗೂಡುವವರೆಗೆ ಕುಡಿಯುವುದಿಲ್ಲ ಎಂದು ಅರ್ಥ. ಹೆಣ್ಣು ಕೇಳಲಿ, ಕೊಲೆಗೆ ಕ್ಷಮೆ ಕೇಳಲಿ, ರೀತಿ ಅದೇ. ಕೊಡದೆ ಕಳಿಸಿದರೆ ಮನೆಯವನ ಮಾನ ಹೋಗುತ್ತದೆ. ಇಟ್ಟ ಬಟ್ಟಲನ್ನು ತಾನೇ ಎತ್ತಿ ಕುಡಿದರೆ ಬಂದವನ ಮಾನ ಹೋಗುತ್ತದೆ. ಇದೆಲ್ಲ ತೊಟ್ಟಿಲಿನಿಂದ ಗೊತ್ತಿದ್ದ ಖಲಫನಿಗೆ ತಾನೇನು ಮಾಡಿದೆನೆಂದು ಹೊಳೆದದ್ದು ಅಂಗೈ ಬಿಚ್ಚಿದ ಮೇಲೆ. ನಾವು ಮಾತ್ರ, ಎಲಾ ಇವನ, ಯಂತ್ರಕ್ಕೆ ಒಪ್ಪಿಗೆ ಕೀಳಲು ಎಂಥ ಪಟ್ಟು ಹಾಕಿದ ಎಂದು ಬೆರಗಾಗಿ ನಮ್ಮ ಬಟ್ಟಲುಗಳನ್ನೂ ಕೆಳಗಿಟ್ಟೆವು.

ಇನ್ನು ಖಲಫ ಮಾತಾಡಬೇಕು. ಆದರೆ ಮೊದಲು ಬಾಯಿ ಮುಚ್ಚಿ ಕೇಳಬೇಕೆಂದು ಕಲಿಸಿದ್ದಾರಲ್ಲ. ಅವನು ಬಾಯಿ ಮುಚ್ಚಿ ಕೂತ. ಅಬು ತಲಾಲರ ಮೀಸೆ ಅದುರಿತು. ಎದ್ದು ಒಳಗೆ ಹೋದವರು ತಮ್ಮ ಜದಾನನ ತೋಳು ಹಿಡಿದು ಕರೆತಂದರು. ಜದಾನ ಕೋಲೂರಿ, ಬಲಗಾಲನ್ನು ಎಳೆದುಕೊಂಡು ಬಂದು ಗೋಡೆಗೆ ಒರಗಿ ನಿಂತ.

“ಎರಡು ವರ್ಷ ಆಯ್ತು,” ಎಂದರು ಅಬು ತಲಾಲ್. “ಟ್ಯಾಂಕರ್ ನಿಮ್ದು, ಕಾಲು ನಮ್ದು. ವಿಮೆ ಬಂತು. ಮನುಷ್ಯರು ಬರ್ಲಿಲ್ಲ. ಇವತ್ತು ಬಂದ್ರಿ. ನೀವು ಬಾಯಿಬಿಟ್ಟು ಕೇಳೋದೂ ಬೇಡ. ಕಾಫಿ ಕುಡೀರಿ. ನನ್ ತಮ್ಮನ ಕಾಲಿನ ಹಕ್ಕು ಬಿಟ್ಟುಕೊಟ್ಟೆ. ದೇವರಿಗೋಸ್ಕರ ಬಿಟ್ಟೆ, ಮನೆಗೆ ಬಂದ ನಿಮ್ಮ ಮುಖಗಳಿಗೋಸ್ಕರ ಬಿಟ್ಟೆ.”

ಆಗ ನನ್ನ ತಲೆಗೆ ಬೆಳಕು ಹೊಕ್ಕಿತು. ಕಾರ್ಖಾನೆಯ ಗೇಟಿನಲ್ಲಿ ಹಾಲಿನ ಟ್ಯಾಂಕರ್ ಹಿಂದಕ್ಕೆ ಬಂದು ಜದಾನನ ಕಾಲಿನ ಮೇಲೆ ಹೋಗಿತ್ತು. ವಿಮೆಯವರು ಕೊಡಬೇಕಾದ್ದು ಕೊಟ್ಟರು. ಕಡತ ಮುಚ್ಚಿತು. ನಮ್ಮ ಪಾಲಿಗೆ ಕಾಲೂ ಮುಚ್ಚಿಹೋಗಿತ್ತು. ಕಳೆದುಹೋದ ಬೀಗದ ಕೈ, ಸತ್ತ ನಂಟರು, ಸಾಯಲಿದ್ದ ನಂಟರು, ಎಲ್ಲರೂ ಬಂದದ್ದು ಆ ಗೇಟಿನಿಂದ. ಯಂತ್ರದ ಮೇಲೆ ಈ ಮನುಷ್ಯನಿಗೆ ಯಾವ ಸಿಟ್ಟೂ ಇರಲಿಲ್ಲ.

ಖಲಫ ಗಡಿಬಿಡಿಯಲ್ಲಿ ಕಾಫಿಯನ್ನು ಬಾಯಿಗೆ ಸುರಿದುಕೊಂಡ. ಅದು ನೆತ್ತಿಗೇರಿ, ಕೆಮ್ಮಿ, ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದಾನೆಂದು ತಿಳಿದು ಅಬು ತಲಾಲ್ ಅವನನ್ನು ಅಪ್ಪಿಕೊಂಡು ತಾವೂ ಅತ್ತರು. ಒಳಗಿನಿಂದ ಹೆಂಗಸರು ನಾಲಿಗೆ ಹೊರಳಿಸಿ ಸಂತಸದ ಕೂಗು ಹಾಕಿದರು. ಅಬು ನಿಸೀಮ್ ಮಾತ್ರ ಲೆಕ್ಕದವರು, ಮೆಲ್ಲಗೆ, ಹಾಗಾದರೆ ಆ ಯಂತ್ರ ಎಂದು ರಾಗ ಎಳೆದರು.

“ಅದ್ಯಾವ ದೊಡ್ಡ ವಿಷಯ?” ಎಂದರು ಅಬು ತಲಾಲ್. “ಶುಕ್ರವಾರ ಹಾಜಿ ಇಲ್ಲಿಗೆ ಬರ್ಲಿ. ಜನರ ಮುಂದೆ ಕೂತು ಅವರ ಬಾಯಲ್ಲೇ ಕ್ಷಮೆ ಕೇಳ್ಲಿ. ಭಾನುವಾರ ಹತ್ತು ಯಂತ್ರ ತನ್ನಿ, ಹತ್ತನ್ನೂ ಓಡಿಸ್ತೀವಿ. ಬರ್ದೇ ಇದ್ರೆ,” ಎಂದು ನಕ್ಕರು, “ಬರ್ದೇ ಯಾಕಿರ್ತಾರೆ? ಅವರೇ ತಾನೆ ನಿಮ್ಮನ್ನ ಕಳಿಸಿದ್ದು.”

ಬೀದಿಗೆ ಬಂದ ಮೇಲೆ ನಾನು ಖಲಫನ ತೋಳು ಹಿಡಿದು, ಈಗಲೇ ಒಳಗೆ ಹೋಗಿ ನಿಜ ಹೇಳು ಎಂದೆ.

“ಹೇಳ್ತೀನಿ. ನಾವು ಕ್ಷಮೆ ಕೇಳೋಕೆ ಬಂದಿರ್ಲಿಲ್ಲ, ನಿಮ್ಮ ತಮ್ಮನ ಕಾಲು ನಮಗೆ ನೆನಪೇ ಇರ್ಲಿಲ್ಲ ಅಂತ ಹೇಳ್ತೀನಿ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ.”

ನಾವಿಬ್ಬರೂ ನಮ್ಮ ನಮ್ಮ ಮನೆಯ ಕಡೆ ನಡೆದೆವು.

ಹಾಜಿ ರಾತಿಬ್ ಕೆಟ್ಟವರಲ್ಲ. ಆದರೆ ಅಪಘಾತವಾದ ವಾರ ಯಾರೋ ಹಿರಿಯರು, ಹೋಗಿ ಬನ್ನಿ, ಒಂದು ಮಾತು ಆಡಿ ಬನ್ನಿ ಎಂದಾಗ, ನಾನು ವಿಮೆ ಕಟ್ಟುವುದೇ ಹೀಗೆಲ್ಲ ಹೋಗದಿರಲಿಕ್ಕೆ ಎಂದಿದ್ದರು. ಅಮ್ಮಾನಿನ ಕಚೇರಿಯ ಏಳನೆಯ ಮಹಡಿಯಲ್ಲಿ ಕೂತವರಿಗೆ ಕಾಲುಗಳು ಅಷ್ಟಾಗಿ ಕಾಣುವುದಿಲ್ಲ. ಅವರಿಗೆ ವಿಷಯ ತಿಳಿಸಲು ಖಲಫ ಮರುದಿನವೇ ಹೊರಟ. ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೋದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ. ಕೋಣೆಗೆ ಹೋಗಿ, ಅಬು ತಲಾಲ್ ಒಪ್ಪಿದ್ದಾರೆ ಎಂದ. ಇದು ಅವನ ಪಾಠದ ಕೊನೆಯ ಸಾಲು. ಹೆದರಿಕೆಯಲ್ಲಿ ಮೊದಲು ಬಂದುಬಿಟ್ಟಿತು.

ಹಾಜಿಗಳು ಕುರ್ಚಿಯಿಂದೆದ್ದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟರು. ಶುಕ್ರವಾರ ಊರವರೆಲ್ಲ ಸೇರುತ್ತಾರಂತೆ ಎಂದು ಖಲಫ ಹೇಳುವಷ್ಟರಲ್ಲಿ ಫೋನೆತ್ತಿ ಫೋಟೋದವನನ್ನು ಗೊತ್ತುಮಾಡಿದರು. ಯಂತ್ರದ ಉದ್ಘಾಟನೆಗೆಂದು ಕೆಂಪು ಪಟ್ಟಿ ಮತ್ತು ಕತ್ತರಿಗೆ ಹೇಳಿದರು.

“ಹಾಜೀ, ಒಂದು ಸಣ್ಣ ವಿಷಯ ಇತ್ತು,” ಎಂದ ಖಲಫ.

“ಸಣ್ಣ ವಿಷಯ ಎಲ್ಲಾ ನೀನೇ ನೋಡ್ಕೋ. ನಿನ್ನ ಕೈಗೆ ಕೊಟ್ಟಿದೀನಿ.”

ಲಿಫ್ಟು ಇಳಿಯುವಾಗ ಖಲಫ ಗೋಡೆಯ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುತ್ತಿದ್ದ.

ಆ ವಾರ ಊರಿನಲ್ಲಿ ಖಲಫ ದೊಡ್ಡ ಮನುಷ್ಯನಾದ. ರೊಟ್ಟಿ ಅಂಗಡಿಯವನು ಅವನನ್ನು ಸಾಲಿನ ಮುಂದಕ್ಕೆ ಕರೆದ. ಎರಡು ವರ್ಷದ ಮುನಿಸು ಮುರಿದವನು ಎಂದು ಮಸೀದಿಯಲ್ಲಿ ಅವನಿಗೆ ಜಾಗ ಬಿಟ್ಟರು. ಮದುವೆ ಮುರಿದುಕೊಂಡ ಇಬ್ಬರು ಬೀಗರು ತಮ್ಮ ಜಗಳವನ್ನೂ ಬಗೆಹರಿಸಬೇಕೆಂದು ಅವನ ಮನೆಗೇ ಬಂದರು. ಅವರು ಕಾಫಿ ಕೆಳಗಿಡುವ ಮೊದಲೇ ಖಲಫ ಹಿತ್ತಿಲ ಬಾಗಿಲಿಂದ ಓಡಿದ. ಬುಧವಾರ ಜಿಲ್ಲಾಡಳಿತದಿಂದ ಫೋನು ಬಂತು. ಇಂಥ ದೊಡ್ಡ ರಾಜಿ ನಡೆಯುತ್ತಿರುವಾಗ ಸರಕಾರಕ್ಕೆ ತಿಳಿಸುವ ಸೌಜನ್ಯ ಇಲ್ಲವೇ ಎಂದು ಅಲ್ಲಿನ ಅಧಿಕಾರಿ ಗದರಿದರು. ತಾವೇ ಖುದ್ದಾಗಿ ಬಂದು ಮೊದಲ ಸಾಲಿನಲ್ಲಿ ಕೂರುವುದಾಗಿಯೂ ತಿಳಿಸಿದರು. ಅಬು ತಲಾಲ್ ಕರಿ ಕಂಬಳಿಯ ಡೇರೆ ಹಾಕಿಸಿದರು. ದೂರದ ಹಟ್ಟಿಗಳಿಗೆಲ್ಲ ಹೇಳಿಕಳಿಸಿದರು. ಜದಾನನಿಗೆ ಹೊಸ ನಿಲುವಂಗಿ ಹೊಲಿಸಿದರು. ಇಷ್ಟು ಜನರ ಮುಂದೆ ಹಾಜಿ ಕ್ಷಮೆ ಕೇಳದಿದ್ದರೆ, ಅಬು ತಲಾಲ್ ಯಾರೂ ಕೇಳದ ಕ್ಷಮೆಯನ್ನು ಕೊಟ್ಟ ಕೋಡಂಗಿಯಾಗುತ್ತಾರೆ. ಆಮೇಲೆ ಯಂತ್ರ ಹಾಗಿರಲಿ, ಕಾರ್ಖಾನೆಯಲ್ಲಿ ಒಲೆಯೂ ಹೊತ್ತುವುದಿಲ್ಲ. ಖಲಫನಂತೂ ಕರಕ್ ಬಿಟ್ಟೇ ಹೋಗಬೇಕು.

ಖಲಫ ಕೊನೆಗೆ ಮದಾಮ್ ಜುಮಾನಾಗೆ ಫೋನು ಮಾಡಿದ. ಆಕೆ ಖುಷಿಪಟ್ಟರು. ಬದಲಾವಣೆಯ ಕಾಲದಲ್ಲಿ ವಿಷಯವನ್ನು ಬೇಗ ಹೇಳಬೇಕು, ಪದೇ ಪದೇ ಹೇಳಬೇಕು ಎಂದರು. ಒಂದು ಸಲ ಹೇಳಲಿಕ್ಕೇ ಆಗಿಲ್ಲ ಮದಾಮ್ ಎಂದ ಖಲಫ. ಅದಕ್ಕೆ ಬೇರೆ ತರಬೇತಿ ಇದೆ ಎಂದರಂತೆ.

ಗುರುವಾರ ನಾನು ಅವನ ಮನೆಗೆ ಹೋದಾಗ ಫಿದ್ದಾ ಅವನ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

“ಹಾಜಿಗೆ ಹೇಳಿದ್ರಾ?” ಎಂದು ಗಂಡನನ್ನು ಕೇಳಿದಳು.

“ಹೇಳೋಕಂತ ಹೋದೆ.”

“ಹೋಗಿದ್ದು ಗೊತ್ತು. ಬಸ್ಸಿನ ದುಡ್ಡು ನನ್ ಹತ್ರಾನೇ ತಗೊಂಡಿದ್ರಿ. ಹೇಳಿದ್ರಾ?”

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿದಳು. “ಬಟ್ಟೆ ಚೆನ್ನಾಗಿ ಮಾಡಿಟ್ಟಿದೀನಿ. ನಾಳೆ ಮರ್ಯಾದೆಯಿಂದ ವಾಪಸ್ ಬಂದ್ರೆ ಹಬ್ಬಕ್ಕಾಯ್ತು. ಇಲ್ದಿದ್ರೆ ಮೇಲೆ ಹೊದಿಸೋಕಾಯ್ತು,” ಎಂದಳು. ನನಗೆ ನಗು ಬರಲಿಲ್ಲ.

ಶುಕ್ರವಾರದ ನಮಾಜು ಮುಗಿದ ಮೇಲೆ ಡೇರೆ ಕಿಕ್ಕಿರಿದಿತ್ತು. ಕೆಂಪು ಚೌಕಳಿಯ ತಲೆವಸ್ತ್ರಗಳು ಕಣ್ಣು ಹಾಯುವಷ್ಟು ದೂರ. ಹಿಂದೆ ಹಂಡೆಗಳಲ್ಲಿ ಕುರಿ ಮಾಂಸ ನಮ್ಮದೇ ಜಮೀದಿನಲ್ಲಿ ಕುದಿಯುತ್ತಿತ್ತು. ಅಧಿಕಾರಿಗಳು ಮೊದಲ ಸಾಲಿನಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹಾಜಿಗಳ ಕಾರು ಬಂತು. ಎಲ್ಲರೂ ಎದ್ದು ನಿಂತರು. ಹಾಜಿಗಳು ಕೈಬೀಸಿದರು. ಅವರ ಹಿಂದೆ ಫೋಟೋದವನು, ಅವನ ಹಿಂದೆ ಅಳಿಯ. ಅಳಿಯನ ಕೈಯಲ್ಲಿ ಮಖಮಲ್ಲಿನ ದಿಂಬು, ದಿಂಬಿನ ಮೇಲೆ ಕತ್ತರಿ.

ಆ ಕತ್ತರಿ ಯಾಕೆಂದು ಅಬು ತಲಾಲ್ ನನ್ನ ಕಿವಿಯಲ್ಲಿ ಕೇಳಿದರು. ಹಳೆಯ ದ್ವೇಷವನ್ನು ಕತ್ತರಿಸಲಿಕ್ಕೆ, ಅಮ್ಮಾನಿನಲ್ಲಿ ಈಗ ಹೀಗೇ ಮಾಡುತ್ತಾರೆ ಎಂದೆ. ಅವರು ತಲೆದೂಗಿ, ನಗರದವರು ಏನೇನೋ ಕಂಡುಹಿಡಿಯುತ್ತಾರೆ ಎಂದು ಮೆಚ್ಚಿಕೊಂಡರು.

ಹಾಜಿಗಳನ್ನು ನಟ್ಟನಡುವೆ ಕೂರಿಸಿದರು. ಬಲಕ್ಕೆ ಖಲಫ. ಎದುರಿಗೆ ಅಬು ತಲಾಲ್, ಪಕ್ಕದಲ್ಲಿ ಹೊಸ ಬಟ್ಟೆಯ ಜದಾನ. ಖಲಫ ಹಾಜಿಗಳ ಕಿವಿಗೆ ಬಾಗಿ ಏನೋ ಪಿಸುಗುಟ್ಟಿದ. ಹಾಜಿಗಳು ಆಮೇಲೆ ಎನ್ನುವಂತೆ ಕೈಯಾಡಿಸಿ ಫೋನು ನೋಡತೊಡಗಿದರು. ಕಾಫಿ ಬಂತು. ಮೊದಲ ಬಟ್ಟಲು ಹಾಜಿಗಳ ಕೈಗೆ. ಡೇರೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಎಲ್ಲರ ಕಣ್ಣು ಆ ಬಟ್ಟಲಿನ ಮೇಲೆ. ಅದು ಕೆಳಗಿಳಿಯಬೇಕು.

ದಾರಿಯ ಬಿಸಿಲಿಗೆ ಹಾಜಿಗಳ ಬಾಯಿ ಒಣಗಿತ್ತು. ಬಟ್ಟಲು ಮೇಲಕ್ಕೆ ಹೋಯಿತು.

ಅಬು ತಲಾಲರ ಮುಖದಿಂದ ನಗು ಇಳಿಯುವುದನ್ನು ನಾನು ನೋಡಿದೆ. ಅಷ್ಟರಲ್ಲಿ ಖಲಫನ ಕೈ ಹೋಗಿ ಹಾಜಿಗಳ ಮಣಿಕಟ್ಟನ್ನು ಹಿಡಿಯಿತು. ಬಟ್ಟಲು ತುಟಿಯ ಹತ್ತಿರ ನಿಂತಿತು. ಫೋಟೋದವನು, ಇದು ಮುಖ್ಯ ಗಳಿಗೆಯೆಂದು ತಿಳಿದು, ಪಟಪಟನೆ ತೆಗೆದ.

“ಕೈ ತೆಗಿ,” ಎಂದರು ಹಾಜಿ.

“ಕೆಳಗಿಡಿ ಹಾಜೀ.”

“ಯಾಕೆ? ವಿಷ ಹಾಕಿದಾರಾ?”

ಅವರು ಮೆಲ್ಲಗೇ ಕೇಳಿದ್ದು. ಆದರೆ ಆ ಮೌನದಲ್ಲಿ ಹಿಂದಿನ ಸಾಲಿಗೂ ಕೇಳಿತು. ಗಂಡಸರು ಕೂತಲ್ಲೇ ಅಲುಗಿದರು. ಅಧಿಕಾರಿಗಳು ಕಾಲಿನಿಂದ ತಮ್ಮ ಚಪ್ಪಲಿ ತಡಕಿದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಖಲಫ ಎದ್ದು ನಿಂತ.

“ಇವರು ಡೇರೆ ಹಾಕಿದ್ದು ಯಂತ್ರಕ್ಕಲ್ಲ ಹಾಜೀ,” ಎಂದ. “ಜದಾನನ ಕಾಲಿಗೆ. ನಮ್ಮ ಟ್ಯಾಂಕರ್ ಹತ್ತಿದ್ದ ಕಾಲು. ನೀವು ಬಂದು ಕೇಳ್ತೀರಿ ಅಂತ, ಕೇಳೋ ಮೊದಲೇ ಕ್ಷಮಿಸಿ ಕೂತಿದಾರೆ. ನಿಮಗೆ ನಾನು ಹೇಳ್ಲಿಲ್ಲ. ಹೆದರಿಕೆ ಆಯ್ತು.” ಆಮೇಲೆ ಆ ಕಡೆ ತಿರುಗಿದ. “ಅಬು ತಲಾಲ್, ನಿಮಗೂ ಹೇಳ್ಲಿಲ್ಲ. ನಾವು ಅವತ್ತು ಬಂದಿದ್ದು ಯಂತ್ರಕ್ಕೆ. ಕಾಲಿಗಲ್ಲ. ಕಾಲು ನಮಗೆ ನೆನಪಿರ್ಲಿಲ್ಲ.”

ಇಷ್ಟು ಹೇಳಿ ಅವನು ಕೂರಲೂ ಇಲ್ಲ, ಓಡಲೂ ಇಲ್ಲ. ಅಬು ತಲಾಲ್ ಎದ್ದರು. ಅವರ ಜೊತೆ ಆ ಕಡೆಯ ಗಂಡಸರೆಲ್ಲ ಎದ್ದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅಳಿಯ ದಿಂಬನ್ನು ಎದೆಗೆ ಅವುಚಿಕೊಂಡು ಕಾರಿನ ಕಡೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದ. ಹಾಜಿಗಳ ಮುಖ ಕೆಂಪೇರಿ ಆಮೇಲೆ ಬೂದಿಯಾಯಿತು. ಖಲಫನನ್ನು ನೋಡಿದ ನೋಟದಲ್ಲಿ ಅವನ ಕೆಲಸ, ಮಹಡಿ ಮನೆ ಎರಡೂ ಹೋದಂತೆ ನನಗೆ ಕಂಡಿತು.

ಆಗ ಜದಾನ ಎದ್ದ. ಕೋಲು ಊರಿ, ಕಾಲೆಳೆದುಕೊಂಡು, ನಡುವಿನ ಖಾಲಿ ಜಾಗ ದಾಟಿ ಬಂದ. ಆ ಜಾಗ ಹೆಚ್ಚೇನಿಲ್ಲ, ಬೇರೆ ಯಾರೇ ಆದರೂ ಕಣ್ಣುಮಿಟುಕಿಸುವಷ್ಟರಲ್ಲಿ ದಾಟುತ್ತಿದ್ದರು. ಅವನು ದಾಟುವಷ್ಟು ಹೊತ್ತೂ ಹಾಜಿಗಳು ನೋಡಬೇಕಾಯಿತು. ಕಣ್ಣು ಹೊರಳಿಸಲು ಆ ಡೇರೆಯಲ್ಲಿ ಬೇರೆ ಜಾಗವಿರಲಿಲ್ಲ. ಅವರು ಆ ಕಾಲನ್ನು ಕಡತದಲ್ಲಿ ಮಾತ್ರ ಕಂಡಿದ್ದರು. ಜದಾನ ಅವರ ಮುಂದೆ ಬಂದು ನಿಂತು ಏದುಸಿರು ಬಿಡುತ್ತಿದ್ದ.

ಹಾಜಿಗಳ ಕೈಯಲ್ಲಿ ಬಟ್ಟಲು ಇನ್ನೂ ಇತ್ತು. ಅವರು ಅದನ್ನು ನಿಧಾನವಾಗಿ ನೆಲದ ಮೇಲಿಟ್ಟರು.

“ಕಾಲು ಹೇಗಿದೆಯಪ್ಪಾ?” ಎಂದು ಕೇಳಿದರು.

ಜದಾನ ಅಣ್ಣನ ಕಡೆ ನೋಡಿದ. ಮತ್ತೆ ಹಾಜಿಗಳ ಕಡೆ ನೋಡಿದ.

“ಎಲ್ಲಿಂದ ಹೇಳ್ಲಿ?”

“ಮೊದಲಿಂದ ಹೇಳು. ಕೂತ್ಕೋ.” ಹಾಜಿಗಳು ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅದು ಖಲಫ ಕೂತಿದ್ದ ಜಾಗ.

ಭಾನುವಾರ ಯಂತ್ರ ಓಡಿತು. ಮೊದಲ ಉಂಡೆಗಳು ಚಪ್ಪಟೆಯಾಗಿ ಬಂದವು. ಅಬು ತಲಾಲ್ ತುರ್ಕಿಯವನಿಗೆ ಬಯ್ದು ಸರಿಮಾಡಿಸಿದರು. ಖಲಫನ ಕೆಲಸ ಉಳಿಯಿತು. ಅವನನ್ನು ಹೊಗಳಿದವರಿಲ್ಲ, ಕಳಿಸಿದವರೂ ಇಲ್ಲ. ಅದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ಮಾತ್ರ ನಾವೆಲ್ಲ ಕೂತೇ ಇದ್ದೆವು. ಎದ್ದಿದ್ದ ಗಂಡಸರು ಒಬ್ಬೊಬ್ಬರಾಗಿ ಕೂತರು. ಅಬು ತಲಾಲ್ ಎಲ್ಲರಿಗಿಂತ ಕೊನೆಗೆ ಕೂತರು. ಜದಾನ ಗೇಟಿನಿಂದ ಶುರುಮಾಡಿದ. ಆಸ್ಪತ್ರೆಯ ಮೊದಲ ರಾತ್ರಿಗೆ ಬಂದ, ಮೂಳೆಗೆ ಹಾಕಿದ ಕಬ್ಬಿಣದ ಸರಳಿಗೆ ಬಂದ. ಚಳಿ ಬಂದರೆ ಆ ಸರಳು ಹೇಗೆ ನೋಯುತ್ತದೆ, ನಮಾಜಿಗೆ ಬಗ್ಗಲಾಗದೆ ಮಸೀದಿಯಲ್ಲಿ ಮುದುಕರ ಕುರ್ಚಿಯಲ್ಲಿ ಕೂರುವಾಗ ಏನನ್ನಿಸುತ್ತದೆ, ಚಿಕ್ಕ ಮಗಳು ಅಪ್ಪ ನಡೆಯುವ ಹಾಗೆ ನಡೆದು ತೋರಿಸಿದ ದಿನ ಹೆಂಡತಿ ಅವಳಿಗೆ ಹೊಡೆದದ್ದು, ಎಲ್ಲವನ್ನೂ ಹೇಳಿದ. ಎರಡು ವರ್ಷದಿಂದ ಯಾರೂ ಕೇಳದಿದ್ದವನಿಗೆ ಮುಗಿಸುವ ಅವಸರವಿರಲಿಲ್ಲ. ಕಾಫಿ ಆರಿತು, ಬದಲಾಯಿಸಿದರು, ಅದೂ ಆರಿತು. ಹಿಂದೆ ಹಂಡೆಗಳ ಕೆಳಗೆ ಬೆಂಕಿ ತಗ್ಗಿಸಿದರು. ಹಾಜಿಗಳ ಫೋನು ಎರಡು ಸಲ ಹೊಡೆದುಕೊಂಡಿತು. ಅವರು ನೋಡದೆಯೇ ಅದನ್ನು ಆರಿಸಿ ಜೇಬಿಗೆ ಹಾಕಿದರು.

ಮಗಳ ಮಾತಿಗೆ ಬಂದಾಗ ಜದಾನ ಮಾತು ನಿಲ್ಲಿಸಿ ಕೋಲಿನ ಹಿಡಿಯನ್ನು ಉಜ್ಜತೊಡಗಿದ. ಅಬು ತಲಾಲ್ ಸಾಕು ಬಿಡು ಎನ್ನಲು ಬಾಯಿ ತೆರೆದರು. ಹಾಜಿಗಳು ಕೈಯೆತ್ತಿ ಅವರನ್ನು ತಡೆದು, ಜದಾನನ ಹತ್ತಿರಕ್ಕೆ ಬಾಗಿದರು.

“ಆಮೇಲೆ?” ಎಂದರು.